ಗೊಡ್ಡೆಮ್ಮೆಯ ಸಾಕ್ಷಿ

ಗಾಣಗಾಪುರದ ಆ ಎಮ್ಮೆಗೆ ಹೆಸರಿಲ್ಲ. ಮುದಿ ಎಮ್ಮೆ, ಹಲ್ಲು ಉದುರಿವೆ, ಒಮ್ಮೆಯೂ ಈದಿಲ್ಲ. ಮನೆಯ ಯಜಮಾನ ಭಿಕ್ಷೆ ಬೇಡಿ ಬದುಕುವ ಬಡ ಬ್ರಾಹ್ಮಣ. ಹಾಲು ಕೊಡದ ಎಮ್ಮೆಯಿಂದ ಬೇರೇನು ದಕ್ಕೀತು ಎಂದು ಲೆಕ್ಕ ಹಾಕಿ, ಮಣ್ಣು ಹೊರುವ ಕೆಲಸಕ್ಕೆ ಅದನ್ನು ಬಾಡಿಗೆಗೆ ಬಿಡುತ್ತಿದ್ದ. ಒಂದು ದಿನ ಅವನು ಮನೆಯಲ್ಲಿಲ್ಲದಾಗ ನರಸಿಂಹ ಸರಸ್ವತಿಗಳು ಬಾಗಿಲಿಗೆ ಬಂದು ಭಿಕ್ಷೆ ಕೇಳುತ್ತಾರೆ. ಮನೆಯಲ್ಲಿ ಏನೂ ಇಲ್ಲವೆಂದು ಹೆಂಡತಿ ಹೇಳುತ್ತಾಳೆ. ಎಮ್ಮೆ ಇದೆಯಲ್ಲ, ಅದರ ಹಾಲನ್ನೇ ಕೊಡು ಎನ್ನುತ್ತಾರೆ ಗುರುಗಳು. ಅದು ಗೊಡ್ಡೆಮ್ಮೆ ಎಂದು ಅವಳು ಎಷ್ಟು ಹೇಳಿದರೂ ಬಿಡುವುದಿಲ್ಲ. ಕೊನೆಗೆ ಅವಳು ಹಿಂಡಲು ಕೂತರೆ ಪಾತ್ರೆ ತುಂಬಿ ಮತ್ತೊಂದು ಪಾತ್ರೆ ಬೇಕಾಗುತ್ತದೆ.

ಸರಸ್ವತಿ ಗಂಗಾಧರನ ‘ಗುರುಚರಿತ್ರೆ’ಯ 22ನೇ ಅಧ್ಯಾಯದ ಕಥೆ ಇದು. ಕೃತಿ ಮರಾಠಿಯದು, ಒಳಗೆ ಕನ್ನಡ ಪದಗಳೂ ಇವೆ. ಗಾಣಗಾಪುರ ನಮ್ಮ ಅಫಜಲಪುರ ತಾಲ್ಲೂಕಿನದು. ಸಪ್ತಾಹ ಪಾರಾಯಣದಲ್ಲಿ ಈ ಅಧ್ಯಾಯ ಓದಿದವರು, ಕೇಳಿದವರು ಲೆಕ್ಕವಿಲ್ಲದಷ್ಟು. ಅವರೆಲ್ಲರಿಗೆ ಇದು ಗುರುವಿನ ಮಹಿಮೆ, ಬಡವರ ಮನೆಗೆ ಬಂದ ಭಾಗ್ಯ. ಅದು ಸರಿಯೇ, ಕಥೆ ಬರೆದವನ ಉದ್ದೇಶವೂ ಅದೇ. ಆದರೆ ಈ ಕಥೆಯನ್ನು ನಾನು ಪ್ರತಿ ಸಲ ಓದುವಾಗಲೂ ಕಣ್ಣು ಗುರುವಿನ ಮೇಲೆ ನಿಲ್ಲುವುದಿಲ್ಲ, ಎಮ್ಮೆಯ ಕಡೆ ಹೋಗುತ್ತದೆ. ಪವಾಡದ ಹಿಂದಿನ ದಿನದವರೆಗೆ ಅದು ಮಣ್ಣು ಹೊರುವ ಒಂದು ಬೆನ್ನು, ಪವಾಡದ ಗಳಿಗೆಯಿಂದ ಹಾಲು ಕೊಡುವ ಒಂದು ಕೆಚ್ಚಲು. ಈ ಎರಡರ ನಡುವೆ ಎಮ್ಮೆ ಎಲ್ಲಿದೆ? ಗುರುಗಳು ಅದರ ಮೈದಡವಿ, ಪಾಪ, ಮುದಿಯಾಗಿದೆ, ಇನ್ನು ಬಿಟ್ಟುಬಿಡಿ ಎಂದಿದ್ದರೆ ಅದೂ ಒಂದು ಪವಾಡವೇ ಆಗುತ್ತಿತ್ತು. ಆದರೆ ಅಂಥ ಪವಾಡವನ್ನು ಯಾರೂ ಬರೆದಿಡುತ್ತಿರಲಿಲ್ಲ.

ಮನುಷ್ಯನ ಕ್ರೌರ್ಯವನ್ನು, ತಾನು ಪ್ರಾಣಿಗಳಿಗಿಂತ ಮೇಲೆಂಬ ಅವನ ಹಮ್ಮನ್ನು ಗೇಲಿ ಮಾಡಿದ ಸಾಹಿತ್ಯದ ಬಗ್ಗೆ ಬರೆಯಲು ಕೂತವನು ವಿಡಂಬನೆಯೇ ಅಲ್ಲದ ಈ ಕಥೆಯಿಂದ ಶುರು ಮಾಡಿದ್ದಕ್ಕೆ ಕಾರಣವಿದೆ. ಅಮರ್ಜಾ ಹೊಳೆ ಆಳಂದ ಸೀಮೆಯಲ್ಲಿ ಹುಟ್ಟಿ, ಗಾಣಗಾಪುರದಲ್ಲಿ ಭೀಮೆಯನ್ನು ಸೇರುತ್ತದೆ. ಭೀಮೆ ಮುಂದೆ ಜೇವರ್ಗಿ ಸೀಮೆಗೆ ಇಳಿಯುತ್ತಾಳೆ. ಒಂದೇ ನೀರಿನ ಈ ಮೂರು ತಾಲ್ಲೂಕುಗಳಲ್ಲಿ ಶರಣರು, ಸೂಫಿಗಳು, ದತ್ತಭಕ್ತರು, ತತ್ವಪದಕಾರರು ಒಬ್ಬರ ಬೆನ್ನಿಗೊಬ್ಬರು ಬಂದು ಮನುಷ್ಯನ ಅಹಂಕಾರವನ್ನು ಬೈದಿದ್ದಾರೆ. ಅಷ್ಟೆಲ್ಲ ಬೈಗುಳ ಬಿದ್ದಮೇಲೂ ಆ ಎಮ್ಮೆಯ ಪ್ರಶ್ನೆ ಹಾಗೇ ಉಳಿದಿದೆ: ನನ್ನಿಂದ ನಿಮಗೇನೂ ಸಿಗದಿದ್ದರೆ ನಾನು ಯಾರು?

ನಮ್ಮ ಶಾಲೆಗಳಲ್ಲಿ ಮಕ್ಕಳು ಕಲಿಯುವ ಮೊದಲ ವಿಡಂಬನೆ ಬಹುಶಃ ಎಸ್.ಜಿ. ನರಸಿಂಹಾಚಾರ್ಯರ ಹಸುವಿನ ಪದ್ಯ. ಹಸು ತನ್ನಿಂದಾಗುವ ಉಪಯೋಗಗಳನ್ನು ಒಂದೊಂದಾಗಿ ಎಣಿಸುತ್ತ ಹೋಗಿ, ಮನುಷ್ಯನೇ, ನೀನು ಯಾರಿಗೆ ಆಗಿಬಂದೆ ಎಂದು ಕೇಳುತ್ತದೆ. ಮೊದಲ ಸಲ ಕೇಳಿದಾಗ ಈ ಪ್ರಶ್ನೆ ನಿಜಕ್ಕೂ ಚುಚ್ಚುತ್ತದೆ. ಚುಚ್ಚುವುದು ಅದರ ಸರಳತೆಯಿಂದ. ಅಲ್ಲಿ ಪಾಂಡಿತ್ಯವಿಲ್ಲ, ವಾದದ ಜಾಣತನವಿಲ್ಲ, ಕೊಟ್ಟಿಗೆಯಲ್ಲಿ ನಿಂತ ಒಂದು ಜೀವ ಕೇಳುವ ನೇರ ಮಾತಿದೆ. ನೂರು ವರ್ಷ ದಾಟಿದರೂ ಅದು ಜನರ ಬಾಯಲ್ಲಿ ಉಳಿದದ್ದು ಸುಮ್ಮನೆ ಅಲ್ಲ.

ಆದರೆ ಎರಡನೇ ಸಲ ಓದಿದರೆ ಹಸು ಮಾತಾಡುತ್ತಿರುವುದು ನಮ್ಮ ಲೆಕ್ಕದ ಪುಸ್ತಕ ಹಿಡಿದುಕೊಂಡು ಎಂಬುದು ಕಾಣುತ್ತದೆ. ಸಗಣಿಗೆ ಇಷ್ಟು, ಹಾಲಿಗೆ ಇಷ್ಟು, ದುಡಿಮೆಗೆ ಇಷ್ಟು, ಸತ್ತಮೇಲೆ ಚರ್ಮಕ್ಕೆ ಇಷ್ಟು. ಜಮೆ ಹೆಚ್ಚು, ಖರ್ಚು ಕಡಿಮೆ, ಆದ್ದರಿಂದ ನಾನು ಶ್ರೇಷ್ಠ. ಅಂದರೆ ಶ್ರೇಷ್ಠತೆಯ ಅಳತೆಗೋಲು ಉಪಯೋಗವೇ, ಆ ಉಪಯೋಗವೂ ಮನುಷ್ಯನಿಗೆ. ಮನುಷ್ಯನನ್ನು ಕಟಕಟೆಗೆ ತಂದ ಪದ್ಯ ಅವನನ್ನೇ ನ್ಯಾಯಾಧೀಶನ ಕುರ್ಚಿಯಲ್ಲೂ ಕೂರಿಸಿಬಿಟ್ಟಿದೆ. ಗಾಣಗಾಪುರದ ಗೊಡ್ಡೆಮ್ಮೆ ಈ ಪದ್ಯವನ್ನು ಹಾಡಲಾರದು. ಅದರ ಪಟ್ಟಿಯಲ್ಲಿ ಮಣ್ಣಿನ ಹೊರೆ ಬಿಟ್ಟರೆ ಏನೂ ಇಲ್ಲ.

ಇದು ಬರೀ ಪದ್ಯದ ತಕರಾರಲ್ಲ. ಕಾರ ಹುಣ್ಣಿಮೆಯ ದಿನ ಈ ಕರಿಮಣ್ಣಿನ ಸೀಮೆಯಲ್ಲಿ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಜೂಲ ಹೊದಿಸಿ, ಅಗಸಿಯಲ್ಲಿ ಕರಿ ಹರಿಸುತ್ತಾರೆ. ಎತ್ತು ಅಂದು ಮದುಮಗ. ಅದೇ ಎತ್ತು ಹೋರಿಯಾಗಿದ್ದಾಗ ಕಾಲು ಕಟ್ಟಿ ಕೆಡವಿ ಅದರ ಬೀಜ ಒಡೆದಿರುತ್ತಾರೆ. ಮೂಗು ಚುಚ್ಚಿರುತ್ತಾರೆ. ಬಾರುಕೋಲಿನ ತುದಿಯ ಮೊಳೆ ಎಲ್ಲಿ ತಾಗಿದರೆ ಎತ್ತು ಹೆಜ್ಜೆ ಕೀಳುತ್ತದೆ ಎಂಬುದು ಹೊಡೆಯುವ ಕೈಗೆ ಗೊತ್ತು. ರೈತನಿಗೆ ಎತ್ತಿನ ಮೇಲೆ ಪ್ರೀತಿ ಇಲ್ಲವೆಂದಲ್ಲ. ಎತ್ತು ಸತ್ತರೆ ಉಣ್ಣದೆ ಮಲಗುವ ಮನೆಗಳಿವೆ. ಪ್ರೀತಿಯೂ ಬಾರುಕೋಲೂ ಒಂದೇ ಕೈಯಲ್ಲಿದ್ದವು ಎಂಬುದೇ ಇಲ್ಲಿನ ವಿಚಿತ್ರ. ಈಗ ತೊಗರಿ ಹೊಲಕ್ಕೆ ಟ್ರ್ಯಾಕ್ಟರ್ ಬಂದಿದೆ. ಎತ್ತಿನ ಉಪಯೋಗದ ಪಟ್ಟಿ ಖಾಲಿಯಾಗುತ್ತಿದ್ದಂತೆ ಎತ್ತು ಸಂತೆಯ ಹಾದಿ ಹಿಡಿಯಿತು. ಉಪಯೋಗದ ಮೇಲೆ ನಿಂತ ಕರುಣೆ ಉಪಯೋಗ ಮುಗಿದಲ್ಲಿ ನಿಲ್ಲುತ್ತದೆ. ಇನ್ನು ಸತ್ತ ದನ ಹೊತ್ತು, ಚರ್ಮ ಸುಲಿದು, ಮಿಣಿ ಬಾರು ಹೊಲಿದುಕೊಟ್ಟವರು ಯಾರು, ಅವರನ್ನು ಊರು ಎಲ್ಲಿಟ್ಟಿತ್ತು ಎಂಬುದು ಆ ಪಟ್ಟಿಯಲ್ಲಿ ಬರುವುದೇ ಇಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಎರಡನೇ ಬಗೆಯ ವಿಡಂಬನೆ ಬೈಗುಳದ್ದು. ನೀನು ನಾಯಿಗಿಂತ ಕಡೆ, ಕತ್ತೆಗಿಂತ ಕಡೆ, ಹಂದಿಗಿಂತ ಕಡೆ ಎನ್ನುವುದು. ವಚನಗಳಲ್ಲಿ ಇದು ಧಾರಾಳವಾಗಿದೆ. ಜೇವರ್ಗಿಯ ಷಣ್ಮುಖ ಶಿವಯೋಗಿಗಳು 17ನೇ ಶತಮಾನದವರು, ಅಖಂಡೇಶ್ವರ ಅಂಕಿತದಲ್ಲಿ 700ಕ್ಕೂ ಹೆಚ್ಚು ವಚನ ಬರೆದರು. ಬಸವಯುಗದ ದನಿ ಐದು ಶತಮಾನದ ನಂತರ ಈ ನೆಲದಲ್ಲಿ ಮತ್ತೆ ಕೇಳಿಸಿದ್ದು ಅವರಲ್ಲಿ. ಅವರು ಮುಂದುವರಿಸಿದ ಆ ಪರಂಪರೆಯಲ್ಲಿ ಭಕ್ತಿಯಿಲ್ಲದವನಿಗೆ, ಡಂಭಾಚಾರಿಗೆ, ವಿಷಯಲಂಪಟನಿಗೆ ಸಿಗುವ ಹೋಲಿಕೆಗಳೆಲ್ಲ ಕೊಟ್ಟಿಗೆ ಮತ್ತು ತಿಪ್ಪೆಯಿಂದ ಬಂದವು. ವಚನಗಳೇ ಏಕೆ, ನಮ್ಮ ದಿನದ ಮಾತೂ ಹಾಗೇ. ಕಸ್ತೂರಿಯ ಪರಿಮಳ ಕತ್ತೆಗೆ ಗೊತ್ತಿಲ್ಲ, ಎಮ್ಮೆಯ ಮೇಲೆ ಮಳೆ ಹೊಯ್ದರೆ ಅದಕ್ಕೆ ಅರಿವಿಲ್ಲ, ನಾಯಿಯ ಬಾಲಕ್ಕೆ ಬುದ್ಧಿ ಇಲ್ಲ.

ಕಸ್ತೂರಿಯನ್ನು ಕತ್ತೆ ಯಾವತ್ತೂ ಕೇಳಿರಲಿಲ್ಲ. ಅದು ಮೃಗವೊಂದನ್ನು ಕೊಂದು ಅದರ ಹೊಕ್ಕುಳಿನ ಬಳಿಯ ಗ್ರಂಥಿಯಿಂದ ಮನುಷ್ಯ ತೆಗೆದ ವಸ್ತು. ಅದರ ಬೆಲೆ ಗೊತ್ತಿಲ್ಲದಿರುವುದು ದಡ್ಡತನವಾದರೆ ಆ ದಡ್ಡತನಕ್ಕೆ ಕೈ ಮುಗಿಯಬೇಕು. ಹಾಸ್ಯ ಹಾಗಿರಲಿ, ಮನುಷ್ಯನನ್ನು ಇಳಿಸಲು ‘ನಾಯಿಗಿಂತ ಕಡೆ’ ಎಂದಾಗ ಏಟು ತಗಲುವುದು ನಾಯಿ ಕೀಳೆಂದು ಮೊದಲೇ ಒಪ್ಪಿಕೊಂಡಿರುವುದರಿಂದ. ಅದನ್ನು ಒಪ್ಪದವನಿಗೆ ಆ ಬೈಗುಳ ಅರ್ಥವಾಗುವುದೇ ಇಲ್ಲ. ಮೇಲು ಕೀಳಿನ ಏಣಿಯನ್ನು ಒದೆಯಲು ಹೊರಟ ವಿಡಂಬನೆ ಆ ಏಣಿಯ ಮೇಲೇ ನಿಂತು ಒದೆಯುತ್ತಿದೆ. ಶರಣರು ಕುಲದ ಏಣಿಯನ್ನು ಅಲುಗಾಡಿಸಿದಷ್ಟು ಈ ಏಣಿಯನ್ನು ಅಲುಗಾಡಿಸಲಿಲ್ಲ ಎಂದರೆ ಅವರಿಗೆ ಅನ್ಯಾಯ ಮಾಡಿದಂತಲ್ಲ. ಅವರ ಕಾಳಜಿ ಬೇರೆಯಿತ್ತು. ಆದರೆ ಇವತ್ತಿನ ಓದುಗರಾದ ನಾವು ಇದನ್ನು ಕಾಣದೆ ಮುಂದೆ ಹೋಗಬಾರದು.

ಈ ಮಾತಿಗೆ ಕಡಕೋಳ ಮಡಿವಾಳಪ್ಪನವರ ಪದಗಳನ್ನು ಒರೆಗೆ ಹಚ್ಚಿ ನೋಡಬೇಕು. ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ ಹುಟ್ಟಿ, ಆಗ ಜೇವರ್ಗಿ ತಾಲ್ಲೂಕಿಗೆ ಸೇರಿದ್ದ, ಈಗ ಯಡ್ರಾಮಿ ತಾಲ್ಲೂಕಿನ ಕಡಕೋಳದಲ್ಲಿ ನೆಲೆ ನಿಂತವರು. ಚನ್ನೂರ ಜಲಾಲ ಸಾಹೇಬ, ಖೈನೂರ ಕೃಷ್ಣಪ್ಪ, ತೆಲಗಬಾಳ ರೇವಪ್ಪ ಹೀಗೆ ಬೇರೆ ಬೇರೆ ಜಾತಿ ಮತದವರು ಅವರ ಶಿಷ್ಯರಾದರು. ಕುಲದ ಬಡಿವಾರ, ಮಠದ ಬೂಟಾಟಿಕೆ, ದುಡ್ಡಿಗೆ ದೀಕ್ಷೆ ಕೊಡುವ ಗುರು, ಯಾರನ್ನೂ ಅವರು ಬಿಟ್ಟವರಲ್ಲ. ತತ್ವಪದಕಾರರು ಮಡಿಯನ್ನು ಗೇಲಿ ಮಾಡುವ ಬಗೆಯಲ್ಲಿ ಒಂದು ದಾರಿ ನನಗೆ ಬಹಳ ಮುಖ್ಯ ಎನಿಸುತ್ತದೆ. ಅವರು ಮೈಯನ್ನು ಮುಂದಿಡುತ್ತಾರೆ. ತೊಗಲು, ಎಲುಬು, ರಕ್ತ, ಮಲ, ಮೂತ್ರ. ಇದರಲ್ಲಿ ಯಾವುದು ಮೇಲ್ಜಾತಿಯದು, ತೋರಿಸು ಎನ್ನುತ್ತಾರೆ. ಈ ವಾದ ಜಾತಿಯ ಗೋಡೆ ಕೆಡವಲು ಹೂಡಿದ್ದು. ಆದರೆ ತೊಗಲು ಎಲುಬಿನ ಲೆಕ್ಕಕ್ಕೆ ಬಂದಮೇಲೆ ಮನುಷ್ಯ ಮತ್ತು ಆಡಿನ ನಡುವಿನ ಗೋಡೆಯೂ ಹೆಚ್ಚು ಹೊತ್ತು ನಿಲ್ಲಲಾರದು.

ನಿಲ್ಲಲಾರದು, ಆದರೂ ನಿಂತಿತು. ಏಕೆಂದರೆ ಅದೇ ಭಜನೆಯ ಮುಂದಿನ ಪದದಲ್ಲಿ 84 ಲಕ್ಷ ಯೋನಿಗಳನ್ನು ದಾಟಿ ಬಂದ ಈ ಮನುಷ್ಯ ಜನ್ಮ ದೊಡ್ಡದು, ಇದನ್ನು ಹಾಳು ಮಾಡಿಕೊಳ್ಳಬೇಡ ಎಂಬ ಎಚ್ಚರಿಕೆ ಬರುತ್ತದೆ. ಮೈ ಒಂದೇ ಎಂದ ಬಾಯಿಯೇ ಜನ್ಮ ಬೇರೆ ಎನ್ನುತ್ತದೆ. ಏಕತಾರಿ, ದಮ್ಮಡಿ ಹಿಡಿದು ಬೆಳತನಕ ಹಾಡುವವರಿಗೆ ಇವೆರಡರಲ್ಲಿ ವಿರೋಧ ಕಾಣುವುದಿಲ್ಲ. ಸಾಧನೆಯ ದಾರಿಯಲ್ಲಿ ಇರುವವರಿಗೆ ಕಾಣಬೇಕಾಗಿಯೂ ಇಲ್ಲ. ಬೆಡಗಿನ ಪದಗಳಲ್ಲಿ ಪ್ರಾಣಿಗಳು ತಲೆಕೆಳಗಾದ ಲೋಕ ಕಟ್ಟುತ್ತವೆ. ಶಿಶುನಾಳ ಶರೀಫರ ಪ್ರಸಿದ್ಧ ಪದದಲ್ಲಿ ಕೋಳಿಯೇ ಕೋತಿಯನ್ನು ನುಂಗುತ್ತದೆ. ಆದರೆ ಅಲ್ಲಿ ಕೋಳಿ ಕೋಳಿಯಲ್ಲ, ಕೋತಿ ಕೋತಿಯಲ್ಲ. ಎಲ್ಲ ಮನಸ್ಸು, ಇಂದ್ರಿಯ, ಅರಿವುಗಳ ವೇಷ. ಪ್ರಾಣಿ ಬಂದು ಹಾಡಿಗೆ ಮೈ ಕೊಟ್ಟು, ಅರ್ಥ ಬಂದೊಡನೆ ಹಿಂದಿನ ಬಾಗಿಲಿನಿಂದ ಹೋಗಿಬಿಡುತ್ತದೆ.

ಈಗ ಆ ಚರ್ಮ ಸುಲಿದವರ ಮಾತು. ಮನುಷ್ಯ ಪ್ರಾಣಿಗಿಂತ ಮೇಲು ಎಂದಾಗ ‘ಮನುಷ್ಯ’ ಎಂದರೆ ಯಾರು ಎಂಬುದನ್ನು ಈ ಹಳೆಯ ಪದ್ಯಗಳು ಹೆಚ್ಚು ಕೇಳುವುದಿಲ್ಲ. 1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಯಲ್ಲಿ ಅಂಬೇಡ್ಕರ್ ನೀರು ಮುಟ್ಟಿದಾಗ ಎದ್ದ ಪ್ರಶ್ನೆ ಇದೇ ಆಗಿತ್ತು: ದನ ಕರು, ನಾಯಿ ನರಿ ಕುಡಿಯಬಹುದಾದ ನೀರನ್ನು ಮನುಷ್ಯ ಏಕೆ ಕುಡಿಯಬಾರದು? ಈ ಒಂದು ಪ್ರಶ್ನೆಯ ಎದುರು ನಮ್ಮ ಎಷ್ಟೋ ವಿಡಂಬನೆಗಳು ಮಂಕಾಗುತ್ತವೆ. ಪ್ರಾಣಿಗಿಂತ ಮೇಲೆಂಬ ಹಮ್ಮು ಎಲ್ಲ ಮನುಷ್ಯರದೂ ಆಗಿರಲೇ ಇಲ್ಲ. ಕೆಲವರನ್ನು ಪ್ರಾಣಿಗಿಂತ ಕೆಳಗಿಟ್ಟೇ ಉಳಿದವರು ಮನುಷ್ಯರಾಗಿದ್ದರು. ದಲಿತ ಲೇಖಕರು ಈ ವಸ್ತುವನ್ನು ಮುಟ್ಟಿದಾಗ ಅದರಲ್ಲಿ ‘ಮನುಷ್ಯನೇ, ನೀನೆಷ್ಟು ಕ್ರೂರಿ’ ಎಂಬ ಸಾಮಾನ್ಯ ಸಂಬೋಧನೆ ಇಲ್ಲದಿರುವುದು ಇದರಿಂದಲೇ. ಯಾವ ಮನುಷ್ಯ, ಯಾವ ಓಣಿಯವ ಎಂದು ಅವರು ಕೇಳುತ್ತಾರೆ. ಕುವೆಂಪು ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಲ್ಲಿ ಗುತ್ತಿಯ ನಾಯಿ ಹುಲಿಯನನ್ನು ತುಂಗೆಯ ಪ್ರವಾಹ ಎಳೆದುಕೊಂಡು ಹೋಗುವಾಗ, ನಾವು ಒಂದು ನಾಯಿಗಾಗಿ ಅಳುತ್ತೇವೆಯೋ ಊರು ಬಿಟ್ಟು ಓಡುತ್ತಿರುವ ಒಬ್ಬ ಹೊಲೆಯನಿಗಾಗಿ ಅಳುತ್ತೇವೆಯೋ ಹೇಳಲು ಬರುವುದಿಲ್ಲ. ಅಲ್ಲಿ ಹೋಲಿಕೆ ಇಲ್ಲ, ಬೈಗುಳ ಇಲ್ಲ. ನಾಯಿಗೆ ಹೆಸರಿದೆ.

ಪುಣ್ಯಕೋಟಿಗೂ ಹೆಸರಿದೆ, ನಿಜ. ಗೋವಿನ ಹಾಡನ್ನು ಪ್ರಾಣಿಗಳ ಪರವಾದ ಕಾವ್ಯ ಎಂದು ಹಲವರು ಓದುತ್ತಾರೆ. ಆದರೆ ಆ ಹಾಡಿನಲ್ಲಿ ಕ್ರೌರ್ಯವೆಲ್ಲ ಹುಲಿಯ ಪಾಲಿಗೆ ಬಂದಿದೆ. ಕರುವಿನ ಪಾಲಿನ ಹಾಲನ್ನು ದಿನವೂ ಹಿಂಡುವ ಕಾಳಿಂಗ ಗೊಲ್ಲನಿಗೆ ಯಾರೂ ಪ್ರಶ್ನೆ ಹಾಕುವುದಿಲ್ಲ. ಹಸಿದ ಹುಲಿ ಮಾತ್ರ ನಾಚಿ ಪ್ರಾಣ ಬಿಡಬೇಕು. ಇದೇ ಕಥೆಯ ಹತ್ತಿರದ ಸಂಬಂಧಿಯೊಂದು ಇಸ್ಲಾಮಿನ ಭಕ್ತಿ ಕಥನಗಳಲ್ಲಿದೆ. ಬಲೆಗೆ ಬಿದ್ದ ಹೆಣ್ಣು ಜಿಂಕೆ, ಮರಿಗಳಿಗೆ ಹಾಲೂಡಿಸಿ ಬರುತ್ತೇನೆ ಎಂದು ಪ್ರವಾದಿಗಳನ್ನು ಬೇಡುತ್ತದೆ. ಅವರು ಜಿಂಕೆಯ ಮಾತಿಗೆ ಹೊಣೆ ನಿಲ್ಲುತ್ತಾರೆ. ಜಿಂಕೆ ಹೇಳಿದಂತೆ ಮರಳಿ ಬರುತ್ತದೆ. ಆಳಂದದ ಲಾಡ್ಲೆ ಮಶಾಯಕರ ದರ್ಗಾದ ನೆರಳಿನಲ್ಲಿ ಬೆಳೆದವರಿಗೂ ಗೋವಿನ ಹಾಡು ಕೇಳಿ ಬೆಳೆದವರಿಗೂ ಈ ಎರಡು ತಾಯಂದಿರು ಅಕ್ಕತಂಗಿಯರಂತೆ ಕಾಣಬೇಕು. ಆದರೆ ಒಂದು ವ್ಯತ್ಯಾಸ ಸಣ್ಣದಲ್ಲ. ಜಿಂಕೆಯ ಕಥೆಯಲ್ಲಿ ಹುಲಿಯ ಜಾಗದಲ್ಲಿ ಇರುವವನು ಮನುಷ್ಯ. ನಾಚಬೇಕಾದವನು ಅವನೇ, ಬದಲಾಗಬೇಕಾದವನೂ ಅವನೇ. ಎ.ಎನ್. ಮೂರ್ತಿರಾಯರು ‘ವ್ಯಾಘ್ರಗೀತೆ’ಯಲ್ಲಿ ಈ ಗಾಯವನ್ನೇ ನಗುತ್ತ ಕೆದಕಿದರು. ಬೆನ್ನ ಹಿಂದಿನಿಂದ ಹಾಯಬಾರದೆಂಬ ಧರ್ಮ ಪಾಲಿಸುವ ಹುಲಿ, ಆ ಧರ್ಮದ ಸಂದಿನಲ್ಲೇ ಬೆನ್ನು ತೋರಿಸುತ್ತ ಜೀವ ಉಳಿಸಿಕೊಳ್ಳುವ ಶಾನುಭೋಗ. ಶಾಲೆಯಲ್ಲಿ ಅದನ್ನು ಓದಿ ನಕ್ಕ ನಮಗೆ, ಪ್ರಾಣಿಗೆ ಧರ್ಮ ಹಚ್ಚಿ ಮನುಷ್ಯ ಪಾರಾಗುವ ನಮ್ಮ ಇಡೀ ಕಥಾಪರಂಪರೆಯೇ ಅಲ್ಲಿ ನಗೆಗೀಡಾಗಿದೆ ಎಂದು ಹೊಳೆದಿರಲಿಲ್ಲ.

ಪ್ರಾಣಿಗಳು ಮನುಷ್ಯನ ಮೇಲೆ ನೇರವಾಗಿ ದಾವೆ ಹೂಡಿದ ಕೃತಿಯೂ ಒಂದಿದೆ. 10ನೇ ಶತಮಾನದಲ್ಲಿ ಬಸ್ರಾದ ಇಖ್ವಾನ್ ಅಸ್ಸಫಾ ಎಂಬ ಚಿಂತಕರ ಗುಂಪು ಅರಬ್ಬಿಯಲ್ಲಿ ಬರೆದದ್ದು. 1810ರಲ್ಲಿ ಕಲಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿಗಾಗಿ ಮೌಲ್ವಿ ಇಕ್ರಾಮ್ ಅಲಿ ಅದನ್ನು ಉರ್ದುವಿಗೆ ತಂದ. ಜಿನ್ನರ ರಾಜನ ದರ್ಬಾರಿನಲ್ಲಿ ಹೇಸರಗತ್ತೆ, ಕುರಿ, ಒಂಟೆ, ಜೇನುನೊಣ ಒಂದೊಂದೇ ಬಂದು ಸಾಕ್ಷಿ ಹೇಳುತ್ತವೆ. ನಮ್ಮ ರೂಪ ನೆಟ್ಟಗಿದೆ, ನಮಗೆ ಬುದ್ಧಿ ಇದೆ, ರಾಜ್ಯ ಇದೆ, ಕಲೆ ಇದೆ ಎಂದು ಮನುಷ್ಯ ಹೇಳಿದ್ದಕ್ಕೆಲ್ಲ ಪ್ರಾಣಿಗಳ ಹತ್ತಿರ ಉತ್ತರವಿದೆ. ವಾದದಲ್ಲಿ ಮನುಷ್ಯ ಸೋಲುತ್ತಲೇ ಹೋಗುತ್ತಾನೆ. ಆದರೂ ಕೊನೆಯಲ್ಲಿ, ಪರಲೋಕದ ಶಾಶ್ವತ ಬದುಕು ನಮಗಿದೆ, ನಮ್ಮಲ್ಲಿ ಸಂತರಿದ್ದಾರೆ ಎಂಬ ಮಾತಿನ ಮೇಲೆ ತೀರ್ಪು ಅವನ ಕಡೆ ಆಗುತ್ತದೆ. ನೂರಾರು ಪುಟ ಗೆದ್ದ ಪ್ರಾಣಿಗಳು ಕೊನೆಯ ಪುಟದಲ್ಲಿ ಮತ್ತೆ ಹೊರೆ ಹೊರಲು ಹೋಗುತ್ತವೆ. ನಮ್ಮ 84 ಲಕ್ಷದ ಲೆಕ್ಕವೂ ಇದೇ ಅಲ್ಲವೇ? ಸ್ವಿಫ್ಟ್ 1726ರಲ್ಲಿ ಗಲಿವರನನ್ನು ಕುದುರೆಗಳ ನಾಡಿಗೆ ಕಳಿಸಿ ಇದನ್ನು ತಿರುವಿ ಹಾಕಿದ. ಆದರೆ ಅಲ್ಲಿಯೂ ಕುದುರೆಗಳು ಮನುಷ್ಯರೂಪದ ಯಾಹೂಗಳನ್ನು ಬಳಸಿಕೊಳ್ಳುವ ಪರಿ ನೋಡಿದರೆ, ಸವಾರ ಬದಲಾದ, ಜೀನು ಹಾಗೇ ಉಳಿಯಿತು ಅನಿಸುತ್ತದೆ.

ಹಾಗಾದರೆ ಈ ಬಲೆಗೆ ಬೀಳದ ವಿಡಂಬನೆ ಕನ್ನಡದಲ್ಲಿ ಇಲ್ಲವೇ? ಇದೆ. ಅದು ಬಸವಣ್ಣನವರ ಹರಕೆಯ ಕುರಿಯ ವಚನದಲ್ಲಿದೆ. ಹಬ್ಬದ ದಿನ ಕಡಿಯಲು ತಂದ ಕುರಿ, ಹಬ್ಬಕ್ಕೆಂದೇ ಕಟ್ಟಿದ ತೋರಣದ ಹಸಿರೆಲೆಗೆ ಬಾಯಿ ಹಾಕುತ್ತದೆ. ಅಷ್ಟೇ ಚಿತ್ರ. ಕುರಿ ಮಾತಾಡುವುದಿಲ್ಲ, ತನ್ನ ಉಪಯೋಗ ಹೇಳಿಕೊಳ್ಳುವುದಿಲ್ಲ, ಯಾರನ್ನೂ ಶಪಿಸುವುದಿಲ್ಲ. ಅದಕ್ಕೆ ಹಸಿವಾಗಿದೆ, ಎದುರಿಗೆ ಎಲೆ ಇದೆ. ಅದರ ಸಾವಿನ ಸಿಂಗಾರವೇ ಅದರ ಕೊನೆಯ ಊಟ. ಈ ವಚನವನ್ನು ಮಾಯೆಗೆ ಸಿಕ್ಕ ಜೀವಾತ್ಮನ ರೂಪಕವೆಂದು ವಿವರಿಸುವವರಿದ್ದಾರೆ. ವಿವರಿಸಲಿ. ಆದರೆ ರೂಪಕ ಅರ್ಥವಾದಮೇಲೂ ಕುರಿ ಹಿಂಬಾಗಿಲಿನಿಂದ ಹೋಗುವುದಿಲ್ಲ, ಎಲೆ ಜಗಿಯುತ್ತ ಅಲ್ಲೇ ನಿಂತಿರುತ್ತದೆ. ಕೊಂದವರು ಮಾತ್ರ ಉಳಿದರೇ ಎಂದು ವಚನ ಕೊನೆಗೆ ಕೇಳುವಾಗ ಕುರಿ ಮತ್ತು ಕೊಂದವರು ಒಂದೇ ಸಾಲಿಗೆ ಬಂದು ನಿಲ್ಲುತ್ತಾರೆ. ಮೇಲೂ ಇಲ್ಲ, ಕೀಳೂ ಇಲ್ಲ. ಇಬ್ಬರೂ ಸಾಯುವವರು. ಯಜ್ಞಕ್ಕೆ ಒಯ್ಯುವ ಹೋತನಿಗೆ ಅಳು ಎಂದು ಹೇಳುವ ಇನ್ನೊಂದು ವಚನದಲ್ಲೂ ಅಷ್ಟೇ. ವೇದ ಓದಿದವರ ಎದುರು ಹೋತದ ಅಳುವನ್ನೇ ಇನ್ನೊಂದು ಶಾಸ್ತ್ರದಂತೆ ಇಟ್ಟುಬಿಡುತ್ತಾರೆ. ಅದಕ್ಕೆ ಭಾಷ್ಯ ಬೇಕಿಲ್ಲ.

ಜನ್ನ ಇನ್ನೂ ಮುಂದೆ ಹೋದ. 1209ರಲ್ಲಿ ಅವನು ಬರೆದ ‘ಯಶೋಧರ ಚರಿತೆ’ಯಲ್ಲಿ ಕೊಲ್ಲುವುದು ನಿಜವಾದ ಕೋಳಿಯನ್ನೂ ಅಲ್ಲ, ಹಿಟ್ಟಿನ ಕೋಳಿಯನ್ನು. ಜೀವಹಿಂಸೆ ಬೇಡವೆಂದ ಮಗ, ಬಲಿ ಬೇಕೆಂದ ತಾಯಿ, ಇಬ್ಬರೂ ಕೂಡಿ ಕಂಡುಕೊಂಡ ಜಾಣ ರಾಜಿ ಅದು. ಇವತ್ತು ಕುಂಬಳಕಾಯಿ ಒಡೆದು ಕೈ ತೊಳೆದುಕೊಳ್ಳುವವರಿಗೆ ಈ ರಾಜಿ ಬಹಳ ಸಭ್ಯವಾಗಿ ಕಾಣುತ್ತದೆ. ಆದರೆ ಕತ್ತಿ ಬೀಳುವ ಹೊತ್ತಿಗೆ ಹಿಟ್ಟಿನ ಕೋಳಿ ಕೂಗಿಬಿಡುತ್ತದೆ. ಕನ್ನಡ ಕಾವ್ಯದಲ್ಲಿ ಇದಕ್ಕಿಂತ ಬೆಚ್ಚಿಬೀಳಿಸುವ ಸದ್ದು ನಾನು ಕೇಳಿಲ್ಲ. ಆಮೇಲೆ ಜನ್ನ ಇವರಿಬ್ಬರನ್ನು ಜನ್ಮ ಜನ್ಮಕ್ಕೆ ಎಳೆಯುತ್ತಾನೆ. ರಾಜ ನವಿಲಾಗುತ್ತಾನೆ, ರಾಜಮಾತೆ ನಾಯಿಯಾಗುತ್ತಾಳೆ. ಮುಂದೊಂದು ಜನ್ಮದಲ್ಲಿ ರಾಜ ತನ್ನ ಮಗನೇ ತಂದೆಯ ಸದ್ಗತಿಗೆಂದು ಮಾಡಿಸುವ ಶ್ರಾದ್ಧಕ್ಕೆ ಅಡಿಗೆಯಾಗುತ್ತಾನೆ. ಪಿತೃವಿಗೆ ಸಲ್ಲಲೆಂದು ಪಿತೃವನ್ನೇ ಬೇಯಿಸುತ್ತಾರೆ. ಬೈಗುಳವಿಲ್ಲದೆ, ಉಪಯೋಗದ ಪಟ್ಟಿಯಿಲ್ಲದೆ, ಮುಖದ ಮೇಲೆ ನಗುವೇ ಇಲ್ಲದೆ ಬರೆದ ಈ ಭಾಗ ನನ್ನ ಓದಿನಲ್ಲಿ ಕನ್ನಡದ ಅತ್ಯಂತ ಘೋರವಾದ ವಿಡಂಬನೆ. ಜನ್ನನಿಗೂ ಮನುಷ್ಯ ಜನ್ಮ ಮೇಲಿನದೇ. ಜೈನ ತತ್ವದಲ್ಲಿ ಮೋಕ್ಷಕ್ಕೆ ಬೇರೆ ಬಾಗಿಲಿಲ್ಲ. ಆದರೆ ಅವನ ಕಾವ್ಯ ಅವನ ತತ್ವಕ್ಕಿಂತ ಆಳಕ್ಕೆ ಇಳಿದಿದೆ. ಮೇಲಿನವನನ್ನು ಕೀಳಿಗೆ ಹೋಲಿಸದೆ, ಆ ಮೈಯೊಳಗೇ ಹೊಗಿಸಿ ಕತ್ತಿಯ ಕೆಳಗೆ ಮಲಗಿಸುತ್ತದೆ.

ಜೈನರ ಮಾತು ಬಂತು, ಆಳಂದದ ಒಂದು ನೆನಪು ಹೇಳಿ ಮುಂದೆ ಹೋಗುತ್ತೇನೆ. ಹಾವೇರಿ ಸೀಮೆಯ ಅಬ್ಬಲೂರಿನ ಶಾಸನ ಏಕಾಂತದ ರಾಮಯ್ಯನ ಕಥೆ ಹೇಳುತ್ತದೆ. ಅವನು ಹುಟ್ಟಿದ್ದು ಆಳಂದೆಯಲ್ಲಿ. ಜೈನರೊಂದಿಗೆ ವಾದಕ್ಕಿಳಿದು, ಪಣವಾಗಿ ತನ್ನ ತಲೆಯನ್ನೇ ಕತ್ತರಿಸಿ ಶಿವನಿಗೆ ಒಪ್ಪಿಸಿ ಮರಳಿ ಪಡೆದನಂತೆ, ಆಮೇಲೆ ಬಸದಿಯ ಜಿನಬಿಂಬ ಒಡೆದನಂತೆ. ಕುರಿಯ ತಲೆ ಕೊಟ್ಟು ದೇವರನ್ನು ಒಲಿಸುವ ಲೋಕದಲ್ಲಿ ಒಬ್ಬ ಸ್ವಂತ ತಲೆ ಕೊಟ್ಟ ಎಂದು ಹೆಮ್ಮೆ ಪಡುವಷ್ಟರಲ್ಲಿ, ಅವನು ಗೆದ್ದದ್ದು ಇರುವೆಗೂ ನೋವಾಗಬಾರದೆಂದವರ ಮೇಲೆ ಎಂಬುದು ನೆನಪಾಗುತ್ತದೆ. ಆ ಜಗಳದಲ್ಲಿ ಯಾವ ಪ್ರಾಣಿಯೂ ಇರಲಿಲ್ಲ. ಮನುಷ್ಯರು ತಮ್ಮ ತಮ್ಮಲ್ಲೇ ಯಾರು ಮೇಲೆಂದು ತೀರ್ಮಾನಿಸಿಕೊಂಡರು.

ದೇವರಿಗೆ ಪ್ರಾಣಿ ಕೊಡುವುದನ್ನು ತಡೆಯಲು ನಮ್ಮ ರಾಜ್ಯದಲ್ಲಿ 1959ರಿಂದ ಪ್ರಾಣಿಬಲಿ ನಿಷೇಧ ಕಾಯ್ದೆ ಇದೆ. ಜೇವರ್ಗಿಯ ನೆರೆಯ ಯಾದಗಿರಿ ಸೀಮೆಯ ಮೈಲಾಪುರದಲ್ಲಿ ಸಂಕ್ರಾಂತಿಯ ಜಾತ್ರೆಗೆ ಮಲ್ಲಯ್ಯನ ಪಲ್ಲಕ್ಕಿಯ ಮೇಲೆ ಕುರಿಮರಿ ಎಸೆಯುವ ಹರಕೆ ಹಳೆಯದು. ಅದನ್ನು ನಿಲ್ಲಿಸಲು ಜಿಲ್ಲಾಡಳಿತ ಹಾದಿಯಲ್ಲಿ ಚೆಕ್‌ಪೋಸ್ಟ್ ಹಾಕಿ ಮರಿಗಳನ್ನು ವಶಪಡಿಸಿಕೊಳ್ಳುತ್ತದೆ. ಒಳ್ಳೆಯ ಕೆಲಸ, ಮಾಡಲೇಬೇಕಾದ್ದು. ವಶಪಡಿಸಿಕೊಂಡ ಮರಿಗಳನ್ನು ಹರಾಜಿಗೆ ಹಾಕಿದ್ದೂ ಇದೆ. ಮಲ್ಲಯ್ಯನಿಂದ ಉಳಿದ ಮರಿ ಸಂತೆಯಿಂದ ಉಳಿಯಿತೇ ಎಂದು ಕಾಯ್ದೆ ಕೇಳುವುದಿಲ್ಲ. ಕಾಯ್ದೆಯ ತಕರಾರು ಕೊಲ್ಲುವುದರ ಮೇಲಲ್ಲ, ದೇವರ ಹೆಸರಿನಲ್ಲಿ ಕೊಲ್ಲುವುದರ ಮೇಲೆ. ಈ ದೃಶ್ಯ ಕಂಡರೆ ಜನ್ನ ಏನು ಬರೆಯುತ್ತಿದ್ದ ಎಂದು ಯೋಚಿಸಿದ್ದೇನೆ. ಬಹುಶಃ ಹೆಚ್ಚೇನೂ ಬರೆಯುತ್ತಿರಲಿಲ್ಲ. ಹರಾಜು ಕೂಗುವವನ ದನಿಯೊಳಗೆ ಒಂದು ಮರಿಯ ಕೂಗು ಸೇರಿಸಿ ಸುಮ್ಮನಾಗುತ್ತಿದ್ದ.

ಗಾಣಗಾಪುರದ ಎಮ್ಮೆಯ ಕಥೆಗೆ ಇನ್ನೊಂದು ಸಣ್ಣ ತುಂಡಿದೆ, ಪ್ರವಚನಗಳಲ್ಲಿ ಅದನ್ನು ಬೇಗ ದಾಟಿಬಿಡುತ್ತಾರೆ. ಪವಾಡದ ಮರುದಿನ ಎಂದಿನಂತೆ ಎಮ್ಮೆಯನ್ನು ಬಾಡಿಗೆಗೆ ಕೇಳಿಕೊಂಡು ಒಬ್ಬ ಬರುತ್ತಾನೆ. ಮನೆಯವರು, ಇನ್ನು ಕೊಡುವುದಿಲ್ಲ, ಇದು ಹಾಲು ಕೊಡುತ್ತದೆ ಎನ್ನುತ್ತಾರೆ. ಅವನು ಬೆರಗಾಗುತ್ತಾನೆ, ಸುದ್ದಿ ಊರೆಲ್ಲ ಹಬ್ಬುತ್ತದೆ, ಅರಸನವರೆಗೆ ಹೋಗುತ್ತದೆ, ಅರಸ ಬಂದು ಗುರುಗಳನ್ನು ಮೆರವಣಿಗೆಯಲ್ಲಿ ಕರೆದೊಯ್ಯುತ್ತಾನೆ. ಬಾಡಿಗೆಗೆ ಕೇಳಲು ಬಂದವನು ಆಮೇಲೆ ಏನು ಮಾಡಿದ ಎಂದು ಕಥೆ ಹೇಳುವುದಿಲ್ಲ. ಬೇರೆ ಎಮ್ಮೆ ಹುಡುಕಿಕೊಂಡು ಹೋಗಿರಬೇಕು. ಮಣ್ಣು ಅಂತೂ ಹೊರಿಸಲೇಬೇಕಿತ್ತಲ್ಲ.